ಕೆನಡಾಕ್ಕೆ ಹೊಸಬರು, ಕೈಯಲ್ಲಿ ದುಡ್ಡಿಲ್ಲ: ಹಣಕಾಸಿಗೆ ಪುಕ್ಕಟೆ ಸಲಹೆ ಯಾರು ಕೊಡ್ತಾರೆ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಪಿಆರ್ (ಕಾಯಂ ಆಗಿ ವಾಸಿಸುವ ಅನುಮತಿ) ಸಿಕ್ಕಿ ಕೆನಡಾದ ಬ್ರಾಂಪ್ಟನ್‌ಗೆ ಬಂದು ಎಂಟು ತಿಂಗಳಾಯಿತು. ನಾಲ್ಕು ವರ್ಷದ ಮಗಳಿದ್ದಾಳೆ. ಯಜಮಾನರು ವೇರ್‌ಹೌಸ್‌ನಲ್ಲಿ ರಾತ್ರಿ ಪಾಳಿ, ನಾನು ಕಾಫಿ ಅಂಗಡಿಯಲ್ಲಿ ಪಾರ್ಟ್‌ಟೈಮ್. ಬೇಸ್‌ಮೆಂಟ್ ಮನೆಗೆ ತಿಂಗಳಿಗೆ 1,700 ಡಾಲರ್ ಬಾಡಿಗೆ. ಊರಿಗೆ ಅತ್ತೆ ಮಾವನಿಗೆ 300 ಕಳಿಸುತ್ತೇವೆ. ಎರಡು ಕ್ರೆಡಿಟ್ ಕಾರ್ಡ್ ಸೇರಿ 6,200 ಡಾಲರ್ ಸಾಲವಾಗಿದೆ, ಪ್ರತಿ ತಿಂಗಳು ಮಿನಿಮಮ್ ಮಾತ್ರ ಕಟ್ಟುತ್ತಿದ್ದೇವೆ. ಟ್ಯಾಕ್ಸ್ ಕಟ್ಟುವಷ್ಟು ಸಂಬಳ ಇಲ್ಲ ಅಂತ ರಿಟರ್ನ್ ಹಾಕಿಲ್ಲ. ಮೊನ್ನೆ ನಮ್ಮವರೇ ಒಬ್ಬರು ಫೈನಾನ್ಷಿಯಲ್ ಅಡ್ವೈಸರ್ ಅಂತ ಮನೆಗೆ ಬಂದು, ಫ್ರೀಯಾಗಿ ಪ್ಲಾನ್ ಮಾಡಿಕೊಡ್ತೀನಿ, ತಿಂಗಳಿಗೆ 150 ಡಾಲರ್ ಕಟ್ಟಿ ಸಾಕು ಅಂದರು. ಒಪ್ಪಿಕೊಳ್ಳಬಹುದಾ? ಇಲ್ಲಿ ನಮ್ಮಂಥವರಿಗೆ ದುಡ್ಡು ತಗೊಳ್ಳದೆ ಸಲಹೆ ಕೊಡೋರು ಬೇರೆ ಯಾರಾದರೂ ಇದ್ದಾರಾ?

ಉತ್ತರ:

ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಯಾರೂ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ, ನೀವೇ ಹುಡುಕಿಕೊಂಡು ಹೋಗಬೇಕು. ಹೊಸದಾಗಿ ಬಂದವರ ವಿಷಯದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ತಾವಾಗಿ ಬಂದು ಫ್ರೀ ಅನ್ನುವವರ ಸಲಹೆ ಕೊನೆಗೆ ದುಬಾರಿ ಬೀಳುತ್ತದೆ. ನಿಜವಾಗಿ ಫ್ರೀ ಇರುವ ಜಾಗದಲ್ಲಿ ಬೋರ್ಡ್ ಕೂಡ ಸರಿಯಾಗಿ ಇರುವುದಿಲ್ಲ.

ಮೊದಲು ಮನೆಗೆ ಬಂದವರ ವಿಷಯ ಮುಗಿಸಿಬಿಡೋಣ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ತಿಂಗಳಿಗೆ 150 ಅಂದರೆ ಅದು ಹೆಚ್ಚಾಗಿ ಉಳಿತಾಯ ಸೇರಿಸಿದ ಜೀವವಿಮೆ ಪಾಲಿಸಿ. ಅದನ್ನು ಮಾರಿದರೆ ಅವರಿಗೆ ಕಮಿಷನ್ ಬರುತ್ತದೆ. ಆಮೇಲೆ ನೀವೂ ಲೈಸೆನ್ಸ್ ಮಾಡಿಸಿ, ನಿಮ್ಮ ಪರಿಚಯದವರನ್ನು ಸೇರಿಸಿ ಅನ್ನುವ ಮಾತೂ ಬರಬಹುದು. ಅಲ್ಲಿಗೆ ಬಂತು ಅಂದರೆ ಇನ್ನು ಯೋಚಿಸುವುದೇ ಬೇಡ, ನಮಸ್ಕಾರ ಹೇಳಿ ಕಳಿಸಿ. ಕಾರ್ಡಿನ ಮೇಲೆ ಶೇ. 20ರ ಹತ್ತಿರ ಬಡ್ಡಿ ಓಡುತ್ತಿರುವಾಗ ಪಕ್ಕದಲ್ಲಿ ಉಳಿತಾಯದ ಪಾಲಿಸಿಗೆ ದುಡ್ಡು ಕಟ್ಟುವುದರಲ್ಲಿ ಅರ್ಥವಿಲ್ಲ. ಆ 150 ಕಾರ್ಡಿಗೆ ಹೋಗಲಿ. ಮಗು ಚಿಕ್ಕದು, ವಿಮೆ ಬೇಕು ಅನ್ನಿಸಿದರೆ ತಪ್ಪಿಲ್ಲ. ಆಗ ಬರೀ ಟರ್ಮ್ ವಿಮೆ, ಅಂದರೆ ಉಳಿತಾಯ ಸೇರದ ವಿಮೆ ಕೇಳಿ. ನಿಮ್ಮ ವಯಸ್ಸಿನವರಿಗೆ ಅದು ಇದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ.

ಇನ್ನೊಂದು ವಿಷಯ. ನಿಮ್ಮ ಬ್ರಾಂಪ್ಟನ್ ಇರುವ ಒಂಟಾರಿಯೋ ಪ್ರಾಂತ್ಯದಲ್ಲಿ 2022ರ ಮಾರ್ಚ್‌ನಿಂದ ಫೈನಾನ್ಷಿಯಲ್ ಅಡ್ವೈಸರ್, ಫೈನಾನ್ಷಿಯಲ್ ಪ್ಲಾನರ್ ಅನ್ನುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುವ ಹಾಗಿಲ್ಲ. ಅದಕ್ಕೆ ಒಪ್ಪಿತ ಅರ್ಹತಾ ಪತ್ರ ಬೇಕು. ಎಫ್‌ಎಸ್‌ಆರ್‌ಎ ಅಂತ ಪ್ರಾಂತ್ಯದ ನಿಯಂತ್ರಣ ಸಂಸ್ಥೆ ಇದೆ. ಅದರ ವೆಬ್‌ಸೈಟಿನಲ್ಲಿ ವಿಮೆ ಏಜೆಂಟರ ಲೈಸೆನ್ಸನ್ನೂ ಹುಡುಕಬಹುದು. ಬಂದವರು ಊರವರಾದರೇನು, ಹೆಸರು ಹಾಕಿ ನೋಡಿ. ಇದರಲ್ಲಿ ದಾಕ್ಷಿಣ್ಯ ಪಡಬೇಡಿ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಸಾಲಿಗೆ ಬರುತ್ತೇನೆ. ಟ್ಯಾಕ್ಸ್ ಕಟ್ಟುವಷ್ಟು ಸಂಬಳ ಇಲ್ಲ, ಅದಕ್ಕೆ ರಿಟರ್ನ್ ಹಾಕಿಲ್ಲ ಅಂದಿರಿ. ನಮ್ಮ ಊರಿನ ಲೆಕ್ಕದಲ್ಲಿ ಅದು ಸರಿಯೇ. ಅಲ್ಲಿ ಆದಾಯ ಮಿತಿಗಿಂತ ಕಡಿಮೆ ಇದ್ದವರು ಹೆಚ್ಚಿನವರು ಆ ಕಡೆ ತಲೆ ಹಾಕುವುದಿಲ್ಲ. ಕೆನಡಾದಲ್ಲಿ ಇದು ತಲೆಕೆಳಗು. ಇಲ್ಲಿ ಕಡಿಮೆ ಸಂಬಳದವರೇ ಮೊದಲು ರಿಟರ್ನ್ ಹಾಕಬೇಕು, ಯಾಕೆಂದರೆ ಸರ್ಕಾರ ಕೊಡುವ ಹೆಚ್ಚಿನ ಭತ್ಯೆಗಳೆಲ್ಲ ಅದೇ ಕಾಗದದ ಮೇಲೆ ನಿಂತಿವೆ. ರಿಟರ್ನ್ ಇಲ್ಲ ಅಂದರೆ ನಿಮ್ಮ ಆದಾಯ ಎಷ್ಟು ಅಂತ ಕಂದಾಯ ಇಲಾಖೆಗೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ದುಡ್ಡು ಬರುವುದಿಲ್ಲ. ಈ ಇಲಾಖೆಯನ್ನು ಎಲ್ಲರೂ ಸಿಆರ್‌ಎ ಅನ್ನುತ್ತಾರೆ.

ನೀವು ಮಕ್ಕಳ ಭತ್ಯೆಯ ಹೆಸರನ್ನೇ ಎತ್ತಿಲ್ಲ. ಹಾಗಾಗಿ ಅರ್ಜಿ ಹಾಕಿಲ್ಲ ಅಂತ ಅಂದುಕೊಂಡು ಬರೆಯುತ್ತೇನೆ. ಕೆನಡಾ ಚೈಲ್ಡ್ ಬೆನಿಫಿಟ್, ಸಿಸಿಬಿ ಅಂತಾರೆ. 2025ರ ಜುಲೈನಿಂದ 2026ರ ಜೂನ್‌ವರೆಗಿನ ಲೆಕ್ಕದಲ್ಲಿ ಆರು ವರ್ಷದೊಳಗಿನ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 7,997 ಡಾಲರ್. ಅಂದರೆ ತಿಂಗಳಿಗೆ ಸುಮಾರು 666. ಕುಟುಂಬದ ಆದಾಯ 37,487 ಡಾಲರ್ ಒಳಗಿದ್ದರೆ ಪೂರ್ತಿ ಸಿಗುತ್ತದೆ. ಅದಕ್ಕಿಂತ ಹೆಚ್ಚಾದರೆ, ಒಂದೇ ಮಗು ಇದ್ದವರಿಗೆ ಹೆಚ್ಚಾದ ಮೊತ್ತದ ಶೇ. 7ರಷ್ಟು ಕಡಿಮೆಯಾಗುತ್ತದೆ. ನಿಮ್ಮಿಬ್ಬರ ಸಂಬಳ ಸೇರಿ ವರ್ಷಕ್ಕೆ 48,000 ಆಯಿತು ಅಂದುಕೊಳ್ಳಿ. ಮಿತಿಗಿಂತ 10,513 ಜಾಸ್ತಿ, ಅದರ ಶೇ. 7 ಅಂದರೆ 736. ಆಗಲೂ ತಿಂಗಳಿಗೆ 605 ಡಾಲರ್ ಹತ್ತಿರ ಬರುತ್ತದೆ.

ಇನ್ನೂ ಮುಖ್ಯವಾದದ್ದು ಇದೆ. ಈ ಲೆಕ್ಕ ಹಿಂದಿನ ವರ್ಷದ ಆದಾಯದ ಮೇಲೆ ನಡೆಯುತ್ತದೆ. ಹೊಸದಾಗಿ ಬಂದವರಿಗೆ ಹಿಂದಿನ ವರ್ಷದ ಆದಾಯ ಅಂದರೆ ಊರಿನಲ್ಲಿ ದುಡಿದದ್ದು. ಅಲ್ಲಿ ಇಬ್ಬರೂ ಸೇರಿ ವರ್ಷಕ್ಕೆ ಹನ್ನೊಂದು ಲಕ್ಷ ರೂಪಾಯಿ ದುಡಿಯುತ್ತಿದ್ದಿರಿ ಅಂದರೂ ಡಾಲರಿನಲ್ಲಿ ಅದು ಹದಿನೇಳು, ಹದಿನೆಂಟು ಸಾವಿರ. ಮಿತಿಯ ಅರ್ಧಕ್ಕೂ ಬರುವುದಿಲ್ಲ. ಅಂದರೆ ಮೊದಲ ತಿಂಗಳುಗಳಿಗೆ ನಿಮಗೆ ಪೂರ್ತಿ ಮೊತ್ತ ಸಿಗುವ ಸಾಧ್ಯತೆಯೇ ಹೆಚ್ಚು. ತಡವಾಗಿ ಅರ್ಜಿ ಹಾಕಿದರೂ ಹಿಂದಿನ ತಿಂಗಳುಗಳದ್ದು ಸೇರಿಸಿ ಕೊಡುತ್ತಾರೆ. ಎಂಟು ತಿಂಗಳು ಅಂದರೆ ಐದು ಸಾವಿರ ಡಾಲರಿನ ಆಸುಪಾಸು. ನಿಮ್ಮ ಕಾರ್ಡಿನ ಸಾಲ 6,200. ಅಲ್ಲಿ ಅಷ್ಟು ಸಾಲ, ಇಲ್ಲಿ ಹೆಚ್ಚುಕಡಿಮೆ ಅಷ್ಟೇ ನಿಮ್ಮ ಹೆಸರಿನಲ್ಲಿ ಬರದೆ ಕೂತಿರುವ ದುಡ್ಡು! ಅದಕ್ಕೇ ನಾನು ಹೊಸಬರಿಗೆ ಬಜೆಟ್ ಪಾಠಕ್ಕಿಂತ ಮೊದಲು, ಪುಕ್ಕಟೆಯಾಗಿ ರಿಟರ್ನ್ ಮಾಡಿಕೊಡುವ ಟ್ಯಾಕ್ಸ್ ಕ್ಲಿನಿಕ್ ತೋರಿಸುವುದು.

ಅರ್ಜಿ ನಮೂನೆಯ ಹೆಸರು ಆರ್‌ಸಿ66. ಜೊತೆಗೆ ಹೊಸಬರಿಗೆ ಅಂತಲೇ ಆರ್‌ಸಿ66ಎಸ್‌ಸಿಎಚ್ ಅನ್ನುವ ಇನ್ನೊಂದು ಹಾಳೆ ಇದೆ. ಕೆನಡಾಕ್ಕೆ ಬಂದ ದಿನ, ವೀಸಾ ಸ್ಥಿತಿ, ಬರುವುದಕ್ಕೆ ಮುಂಚಿನ ಆದಾಯ ಎಲ್ಲ ಅದರಲ್ಲಿ ಬರೆಯಬೇಕು. ಆದಾಯದ ಕಾಲಂ ನೋಡಿ ಹೆದರಿ ಖಾಲಿ ಬಿಡುವವರು ಬಹಳ. ಊರಿನ ಸಂಬಳಕ್ಕೆ ಇಲ್ಲಿ ಟ್ಯಾಕ್ಸ್ ಹಾಕುತ್ತಾರೆ ಅಂತ ಭಯ. ಬರುವ ಮುಂಚೆ ದುಡಿದದ್ದಕ್ಕೆ ಇಲ್ಲಿ ತೆರಿಗೆ ಇಲ್ಲ, ಭತ್ಯೆ ಎಷ್ಟು ಅಂತ ಲೆಕ್ಕ ಹಾಕುವುದಕ್ಕೆ ಮಾತ್ರ ಕೇಳುತ್ತಾರೆ. ಖಾಲಿ ಬಿಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಏನೂ ದುಡಿಯದಿದ್ದರೆ ಸೊನ್ನೆ ಅಂತ ಬರೆಯಿರಿ. ಮಗಳು ಕೆನಡಾದ ಹೊರಗೆ ಹುಟ್ಟಿದವಳು, ಹಾಗಾಗಿ ಜನನ ಪ್ರಮಾಣಪತ್ರದ ಪ್ರತಿಯನ್ನೂ ಲಗತ್ತಿಸಬೇಕು. ಅರ್ಜಿ ನಿಮ್ಮ ಹೆಸರಿನಲ್ಲಿ ಹೋಗಲಿ, ಯಜಮಾನರ ಹೆಸರಿನಲ್ಲಿ ಅಲ್ಲ. ಮಗುವಿನ ಜೊತೆ ತಾಯಿ ಇದ್ದರೆ ಅವಳೇ ನೋಡಿಕೊಳ್ಳುವವಳು ಅಂತ ಇಲ್ಲಿಯ ಇಲಾಖೆ ಅಂದುಕೊಳ್ಳುತ್ತದೆ. ಅಪ್ಪ ಹಾಕಿದರೆ ಸುಮ್ನೆ ಇನ್ನೊಂದು ಪತ್ರ ತರಿಸುತ್ತಾರೆ.

ಈ ಅರ್ಜಿಗೆ ರಿಟರ್ನ್ ಹಾಕುವವರೆಗೆ ಕಾಯಬೇಕಾಗಿಲ್ಲ. ಆದರೆ ನೀವಿಲ್ಲಿಗೆ ಬಂದ ವರ್ಷದ ರಿಟರ್ನನ್ನು ಇಬ್ಬರೂ ಹಾಕಲೇಬೇಕು, ಒಬ್ಬರು ಹಾಕಿದರೆ ಸಾಲದು. ಹಾಕದಿದ್ದರೆ ಜುಲೈನಲ್ಲಿ ಭತ್ಯೆ ನಿಲ್ಲುತ್ತದೆ. ಏಪ್ರಿಲ್ 30ರ ಗಡುವು ದಾಟಿದ್ದರೂ ಗಾಬರಿ ಬೇಡ. ತಡವಾದದ್ದಕ್ಕೆ ದಂಡ ಬೀಳುವುದು ಕಟ್ಟಬೇಕಾದ ತೆರಿಗೆ ಬಾಕಿ ಇದ್ದವರಿಗೆ. ನಿಮಗೆ ಬಹುಶಃ ಅವರೇ ವಾಪಸ್ ಕೊಡಬೇಕಾಗಿರುತ್ತದೆ.

ರಿಟರ್ನ್ ಮಾಡಿಕೊಡುವವರು ಯಾರು ಅಂದರೆ ಕಮ್ಯುನಿಟಿ ಟ್ಯಾಕ್ಸ್ ಕ್ಲಿನಿಕ್‌ನ ಸ್ವಯಂಸೇವಕರು. ಇದು ಸಿಆರ್‌ಎ ಬೆಂಬಲದಿಂದ ದೇಶದ ತುಂಬ ನಡೆಯುವ ಕೆಲಸ. ಆದಾಯ ಕಡಿಮೆ ಇರಬೇಕು, ಲೆಕ್ಕ ಸರಳವಾಗಿರಬೇಕು, ಇಷ್ಟೇ ಷರತ್ತು. ಒಂದು ಪೈಸೆ ತಗೊಳ್ಳುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಲೈಬ್ರರಿ, ಕಮ್ಯುನಿಟಿ ಸೆಂಟರ್, ಗುರುದ್ವಾರ, ಚರ್ಚ್‌ಗಳಲ್ಲಿ ಕೂಡ ನಡೆಯುತ್ತದೆ. ಕೆಲವು ಕಡೆ ವರ್ಷವಿಡೀ ಇರುತ್ತದೆ. ಸಿಆರ್‌ಎ ವೆಬ್‌ಸೈಟಿನಲ್ಲಿ ನಿಮ್ಮ ಊರು ಹಾಕಿದರೆ ಪಟ್ಟಿ ಬರುತ್ತದೆ. ಸ್ವಂತ ವ್ಯಾಪಾರದ ಆದಾಯ, ಊರಿನ ಮನೆಯ ಬಾಡಿಗೆ ಇಂಥವು ಇದ್ದರೆ ಸಾಮಾನ್ಯವಾಗಿ ಅವರು ಕೈ ಹಾಕುವುದಿಲ್ಲ. ಇಲ್ಲಿಗೆ ಬಂದ ದಿನದಿಂದ ಊರಿನ ಬಾಡಿಗೆ, ಎಫ್‌ಡಿ ಬಡ್ಡಿಯೂ ಇಲ್ಲಿಯ ಲೆಕ್ಕಕ್ಕೆ ಸೇರುತ್ತದೆ ಅನ್ನುವುದನ್ನು ಮರೆಯಬೇಡಿ.

ಹೋಗುವಾಗ ಇಬ್ಬರ ಸಿನ್ ನಂಬರ್ (ಇಲ್ಲಿ ಕೆಲಸಕ್ಕೆ, ತೆರಿಗೆಗೆ ಬೇಕಾದ ಗುರುತಿನ ಸಂಖ್ಯೆ), ಕೆಲಸ ಕೊಟ್ಟವರಿಂದ ಬಂದ, ವರ್ಷದ ಸಂಬಳ ತೋರಿಸುವ ಟಿ4 ಚೀಟಿ, ಕೆನಡಾಕ್ಕೆ ಕಾಲಿಟ್ಟ ತಾರೀಕಿನ ದಾಖಲೆ, ಊರಿನ ಆದಾಯದ ಲೆಕ್ಕ ಇಟ್ಟುಕೊಳ್ಳಿ. ಬಾಡಿಗೆ ರಸೀದಿ ಕೂಡ. ಬೇಸ್‌ಮೆಂಟ್ ಮಾಲೀಕರು ರಸೀದಿ ಕೊಡುವುದಕ್ಕೆ ಮೂಗು ಮುರಿಯುತ್ತಾರೆ, ತಮ್ಮ ಬಾಡಿಗೆ ಆದಾಯ ಹೊರಗೆ ಬರುತ್ತದೆ ಅಂತ. ಕೇಳಿದರೆ ಪುಕ್ಕಟೆಯಾಗಿ ರಸೀದಿ ಕೊಡಬೇಕು ಅಂತ ಒಂಟಾರಿಯೋದ ಬಾಡಿಗೆ ಕಾಯ್ದೆಯಲ್ಲೇ ಇದೆ. ಜಗಳ ಬೇಡ ಅನ್ನಿಸಿದರೆ ಪ್ರತಿ ತಿಂಗಳು ಇ-ಟ್ರಾನ್ಸ್‌ಫರ್ ಮಾಡಿ ಆ ದಾಖಲೆ ಇಟ್ಟುಕೊಳ್ಳಿ, ನಗದು ಕೊಡಬೇಡಿ. ಯಾಕೆ ಬೇಕು ಅಂದರೆ ಒಂಟಾರಿಯೋ ಟ್ರಿಲಿಯಮ್ ಬೆನಿಫಿಟ್ ಅಂತ ಇನ್ನೊಂದಿದೆ. ನೀವು ಕಟ್ಟಿದ ಬಾಡಿಗೆಯ ಆಧಾರದ ಮೇಲೂ ಅದರಲ್ಲಿ ದುಡ್ಡು ಬರುತ್ತದೆ. ಅದನ್ನು ರಿಟರ್ನ್ ಜೊತೆಗೇ ಕೇಳಬೇಕು, ತಾನಾಗಿ ಬರುವುದಿಲ್ಲ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಜಿಎಸ್‌ಟಿ ಕ್ರೆಡಿಟ್‌ಗೆ ಮಾತ್ರ ನಿಮಗೆ ಬೇರೆ ಅರ್ಜಿ ಬೇಡ, ಆರ್‌ಸಿ66ರಲ್ಲೇ ಆಯಿತು. ಮಕ್ಕಳಿಲ್ಲದವರು ಆರ್‌ಸಿ151 ಹಾಕಬೇಕು. ರಿಟರ್ನ್ ಹಾಕಿದ ಮೇಲೆ ಫೆಡರಲ್ (ಕೇಂದ್ರ) ಸರ್ಕಾರದ ಹಲ್ಲಿನ ಚಿಕಿತ್ಸೆಯ ಯೋಜನೆಗೂ ಅರ್ಜಿ ಹಾಕಬಹುದು. ಕುಟುಂಬದ ಆದಾಯ 90,000ದ ಒಳಗಿದ್ದು, ಕೆಲಸದ ಕಡೆಯಿಂದ ಹಲ್ಲಿನ ವಿಮೆ ಇಲ್ಲದವರಿಗೆ ಅದು. ಇಲ್ಲಿ ಒಂದು ಹಲ್ಲು ತುಂಬಿಸಿದರೆ ಎಷ್ಟು ಬಿಲ್ ಬರುತ್ತದೆ ಅಂತ ಅಕ್ಕಪಕ್ಕದವರು ಹೇಳಿರಬೇಕು ನಿಮಗೆ.

ರಿಫಂಡ್ ಇವತ್ತೇ ಕೈಗೆ ಕೊಡ್ತೀವಿ ಅಂತ ಬೋರ್ಡ್ ಹಾಕಿದ ಟ್ಯಾಕ್ಸ್ ಅಂಗಡಿಗಳ ಕಡೆ ಹೋಗಬೇಡಿ. ಆ ಆತುರಕ್ಕೆ ನಿಮ್ಮ ದುಡ್ಡಿನಲ್ಲೇ ಮುರಿದುಕೊಳ್ಳುತ್ತಾರೆ.

ಎದುರು ಕೂತು ಮಾತಾಡುವವರು ಎಲ್ಲಿದ್ದಾರೆ?

ನೀವು ಪಿಆರ್ ಆದ್ದರಿಂದ ಫೆಡರಲ್ ಸರ್ಕಾರ ದುಡ್ಡು ಕೊಟ್ಟು ನಡೆಸುವ, ಹೊಸಬರು ನೆಲೆಯೂರಲು ನೆರವಾಗುವ ಸೆಟಲ್‌ಮೆಂಟ್ ಸೇವೆಗಳು ನಿಮಗೆ ಉಚಿತ. ಬ್ರಾಂಪ್ಟನ್, ಮಿಸ್ಸಿಸಾಗಾ ಇರುವ ಪೀಲ್ ಪ್ರದೇಶದಲ್ಲಿ ಇಂಥ ಕಚೇರಿಗಳಿಗೆ ಬರವಿಲ್ಲ. ಬ್ರಾಂಪ್ಟನ್ ಮಲ್ಟಿಕಲ್ಚರಲ್ ಕಮ್ಯುನಿಟಿ ಸೆಂಟರ್, ಇಂಡಸ್ ಕಮ್ಯುನಿಟಿ ಸರ್ವಿಸಸ್ ಎರಡೂ ನಿಮ್ಮ ಭಾಗದವೇ. ಅಲ್ಲಿ ಪಂಜಾಬಿ, ಹಿಂದಿ ಮಾತಾಡುವವರು ಸಿಗುತ್ತಾರೆ. ಕನ್ನಡದವರು ಸಿಕ್ಕರೆ ನಿಮ್ಮ ಅದೃಷ್ಟ. ಹೆಚ್ಚಿನವರು ಇಂಗ್ಲಿಷ್ ಕ್ಲಾಸಿಗೆ, ರೆಸ್ಯೂಮೆ ಮಾಡಿಸುವುದಕ್ಕೆ ಅಂತ ಅಲ್ಲಿಗೆ ಹೋಗಿ ಬಂದುಬಿಡುತ್ತಾರೆ. ಹಣಕಾಸಿನ ವಿಷಯ ನೀವು ಬಾಯಿಬಿಟ್ಟು ಕೇಳಬೇಕು. 'ಕಾರ್ಡಿನ ಸಾಲ ಇದೆ, ಸಿಸಿಬಿ ಅರ್ಜಿ ತುಂಬಬೇಕು, ಬಜೆಟ್ ಬಗ್ಗೆ ಕೂತು ಮಾತಾಡುವವರು ಬೇಕು' ಅಂತ ಮೂರನ್ನೂ ಬಿಡಿಸಿ ಹೇಳಿ. ಸುಮ್ಮನೆ 'ಹೆಲ್ಪ್ ಬೇಕು' ಅಂದರೆ ಒಂದು ಪ್ಯಾಂಫ್ಲೆಟ್ ಕೊಟ್ಟು ಕಳಿಸುತ್ತಾರೆ.

ಎಲ್ಲಿಗೆ ಹೋಗಬೇಕು ಅಂತಲೇ ತೋಚದಿದ್ದರೆ ಫೋನ್ ಎತ್ತಿ 211 ಒತ್ತಿ. ಇದು ನಮ್ಮ 112ರ ಥರ ತುರ್ತು ನಂಬರ್ ಅಲ್ಲ. ನಿಮ್ಮ ಸುತ್ತಮುತ್ತ ಯಾವ ಕಚೇರಿ ಏನು ಸಹಾಯ ಕೊಡುತ್ತದೆ ಅಂತ ಹುಡುಕಿ ಹೇಳುವ ಉಚಿತ ಸೇವೆ. ಹೆಸರು ಹೇಳಲೇಬೇಕು ಅಂತಿಲ್ಲ. 150ಕ್ಕೂ ಹೆಚ್ಚು ಭಾಷೆಗಳಲ್ಲಿ ದುಭಾಷಿಗಳ ನೆರವು ಇದೆ. ಮೊದಲು ಕನ್ನಡ ಅಂತಲೇ ಕೇಳಿ ನೋಡಿ, ಆಗದಿದ್ದರೆ ಹಿಂದಿ. ಕರೆಂಟ್ ಬಿಲ್ ಕಟ್ಟಲಾಗುತ್ತಿಲ್ಲ ಅಂದರೆ ಒಂಟಾರಿಯೋದಲ್ಲಿ ಕಡಿಮೆ ಆದಾಯದವರಿಗೆ ಬಿಲ್ಲಿನಲ್ಲೇ ಕಡಿತ ಕೊಡುವ ಯೋಜನೆ ಇದೆ, ಅದರ ದಾರಿಯನ್ನೂ ಅವರೇ ಹೇಳುತ್ತಾರೆ. ಆದರೆ ಕರೆಂಟ್ ಬಿಲ್ ನಿಮ್ಮ ಹೆಸರಿನಲ್ಲಿರಬೇಕು. ಬೇಸ್‌ಮೆಂಟಿನಲ್ಲಿ ಬಾಡಿಗೆಗೇ ಸೇರಿಸಿದ್ದರೆ ಅದು ಬರುವುದಿಲ್ಲ.

ಬೇರೆ ಊರಿನಲ್ಲಿರುವ ಓದುಗರಿಗೂ ಹೇಳಿಬಿಡುತ್ತೇನೆ. ಹಣಕಾಸಿನ ಸಹಾಯವನ್ನೂ ಕೊಡುವ ಸೇವಾಸಂಸ್ಥೆಗಳಿವೆ. ಟೊರಾಂಟೊದಲ್ಲಿ ವುಡ್‌ಗ್ರೀನ್, ಕ್ಯಾಲ್ಗರಿಯಲ್ಲಿ ಮೊಮೆಂಟಮ್, ಎಡ್ಮಂಟನ್‌ನಲ್ಲಿ ಇ4ಸಿ, ವಿನ್ನಿಪೆಗ್‌ನಲ್ಲಿ ಸೀಡ್. ಇವರ ಹತ್ತಿರ ಬಜೆಟ್, ಬ್ಯಾಂಕು, ಭತ್ಯೆ, ಸಾಲ ಎಲ್ಲಕ್ಕೂ ಕೂತು ಮಾತಾಡುವ ಜನ ಇದ್ದಾರೆ. ಪ್ರಾಸ್ಪರ್ ಕೆನಡಾ ಅನ್ನುವ ರಾಷ್ಟ್ರಮಟ್ಟದ ಸೇವಾಸಂಸ್ಥೆ ಬೆನಿಫಿಟ್ಸ್ ವೇಫೈಂಡರ್ ಅಂತ ವೆಬ್‌ಸೈಟ್ ಮಾಡಿದೆ. ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಿಮಗೆ ಯಾವ ಯಾವ ಭತ್ಯೆ ಸಿಗಬಹುದು ಅಂತ ತೋರಿಸುತ್ತದೆ. ಹೆಸರು, ಬ್ಯಾಂಕ್ ನಂಬರ್ ಏನೂ ಕೇಳುವುದಿಲ್ಲ.

ಇಂಥ ಕಡೆ ಹೋದರೆ ಏನು ನಡೆಯುತ್ತದೆ ಅಂತ ಹೇಳಿದರೆ ಹೆದರಿಕೆ ಕಡಿಮೆಯಾಗಬಹುದು. ಯಾರೂ ಬೈಯುವುದಿಲ್ಲ. ಎರಡು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿಗೆ ಇಟ್ಟುಕೊಂಡು ಒಂದೊಂದು ಸಾಲನ್ನೂ ಕೇಳುತ್ತಾ ಹೋಗುತ್ತಾರೆ. ಬ್ಯಾಂಕಿನ ತಿಂಗಳ ಚಾರ್ಜ್ 16 ಡಾಲರ್ ಹೋಗುತ್ತಿದೆ, ಯಾಕೆ? ಹೊಸಬರಿಗೆ ಒಂದಷ್ಟು ಕಾಲ ಫ್ರೀ ಅಂದಿದ್ದರು, ಆ ಅವಧಿ ಮುಗಿದದ್ದು ನೋಡಿಲ್ಲ. ಈ ಎರಡು ಫೋನ್ ಪ್ಲಾನ್ ಯಾಕೆ ಇಷ್ಟು? ಬಂದ ದಿನವೇ ಕಂತಿನಲ್ಲಿ ಫೋನ್ ತಗೊಂಡಿದ್ದು. ಊರಿಗೆ ದುಡ್ಡು ಕಳಿಸುವಾಗ ಕಾರ್ಡಿನಿಂದ ಹೋಗುತ್ತಿದೆಯಾ ಅಕೌಂಟಿನಿಂದಲಾ? ಕಾರ್ಡಿನಿಂದ ಹೋದರೆ ಅದನ್ನು ಕ್ಯಾಶ್ ಅಡ್ವಾನ್ಸ್ ಅಂತ ಲೆಕ್ಕ ಹಿಡಿಯುವ ಬ್ಯಾಂಕುಗಳಿವೆ, ಆಗ ಬಡ್ಡಿ ಅವತ್ತಿನಿಂದಲೇ ಶುರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರೂ ಹೇಳಿದರು ನಿಜ, ಆದರೆ ಹೊಸ ದೇಶದಲ್ಲಿ ಹಾಸಿಗೆ ಎಷ್ಟುದ್ದ ಅಂತಲೇ ಗೊತ್ತಿರುವುದಿಲ್ಲ. ಅಳತೆ ಮಾಡಿಕೊಡುವುದು ಇವರ ಕೆಲಸ. ಅತ್ತೆ ಮಾವನಿಗೆ ಕಳಿಸುವ 300 ನಿಲ್ಲಿಸಿ ಅಂತ ಒಳ್ಳೆಯ ಸಲಹೆಗಾರರು ಹೇಳುವುದಿಲ್ಲ. ಅದನ್ನು ಬಾಡಿಗೆಯ ಹಾಗೆ ಖಾಯಂ ಖರ್ಚು ಅಂತಲೇ ಬರೆಯಿರಿ ಅನ್ನುತ್ತಾರೆ. ಅದನ್ನು ಮುಚ್ಚಿಟ್ಟು ಬಜೆಟ್ ಮಾಡಿದರೆ ಯಾವ ತಿಂಗಳೂ ತಾಳೆಯಾಗುವುದಿಲ್ಲ.

ಬ್ಯಾಂಕ್ ಚಾರ್ಜಿನ ಮಾತು ಬಂತಲ್ಲ. ಇಲ್ಲಿಯ ದೊಡ್ಡ ಬ್ಯಾಂಕುಗಳು ತಿಂಗಳಿಗೆ 4 ಡಾಲರ್ ಮೀರದ ಅಗ್ಗದ ಖಾತೆ ಕೊಡುತ್ತೇವೆ ಅಂತ ಫೆಡರಲ್ ಸರ್ಕಾರಕ್ಕೆ ಮಾತು ಕೊಟ್ಟಿವೆ. ಆದರೆ ಕೌಂಟರಿನಲ್ಲಿ ಅದನ್ನು ತಾವಾಗಿ ಹೇಳುವುದು ಅಪರೂಪ. 'ಲೋ ಕಾಸ್ಟ್ ಅಕೌಂಟ್' ಅಂತ ಹೆಸರು ಹಿಡಿದು ಕೇಳಿ. ಎಫ್‌ಸಿಎಸಿ ಅನ್ನುವ ಸರ್ಕಾರಿ ಗ್ರಾಹಕ ಸಂಸ್ಥೆಯ ವೆಬ್‌ಸೈಟಿನಲ್ಲಿ ಎಲ್ಲ ಬ್ಯಾಂಕುಗಳ ಖಾತೆ ಹೋಲಿಸಿ ನೋಡಬಹುದು, ಬಜೆಟ್ ಹಾಕುವ ಹಾಳೆಯೂ ಅಲ್ಲೇ ಇದೆ.

ಕಾರ್ಡಿನ ಸಾಲ

6,200ಕ್ಕೆ ಶೇ. 20 ಬಡ್ಡಿ ಅಂದರೆ ತಿಂಗಳಿಗೆ ನೂರು ಡಾಲರ್ ಬರೀ ಬಡ್ಡಿಗೇ ಹೋಗುತ್ತದೆ. ಮಿನಿಮಮ್ ಕಟ್ಟುವುದರಲ್ಲಿ ಅಸಲು ಅಲ್ಲಾಡುವುದೇ ಇಲ್ಲ. ಇದಕ್ಕೆ ಲಾಭಕ್ಕಲ್ಲದೆ ಕೆಲಸ ಮಾಡುವ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗಳಿವೆ. ಕ್ರೆಡಿಟ್ ಕೆನಡಾ, ಕ್ರೆಡಿಟ್ ಕೌನ್ಸೆಲಿಂಗ್ ಸೊಸೈಟಿ ಇವೆರಡು ಹಳೆಯವು. ಫೋನಿನಲ್ಲೇ ಮಾತಾಡುತ್ತಾರೆ, ಸಲಹೆಗೆ ದುಡ್ಡಿಲ್ಲ. ಬೇಕಾದರೆ ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್ ಮಾಡಿಕೊಡುತ್ತಾರೆ. ಕಾರ್ಡ್ ಕಂಪನಿಗಳ ಜೊತೆ ಮಾತಾಡಿ ಬಡ್ಡಿ ಇಳಿಸಿ ಅಥವಾ ನಿಲ್ಲಿಸಿ, ಅಸಲನ್ನು ಕಂತಿನಲ್ಲಿ ಕಟ್ಟಿಸುವುದು. ಅದಕ್ಕೆ ತಿಂಗಳಿಗೆ ಸಣ್ಣ ಶುಲ್ಕ ಇರುತ್ತದೆ, ನಿಮ್ಮ ಕ್ರೆಡಿಟ್ ವರದಿಯಲ್ಲೂ ಕೆಲವು ವರ್ಷ ಗುರುತು ಉಳಿಯುತ್ತದೆ. ಇವರ ಖರ್ಚಿನ ಒಂದು ಭಾಗ ಸಾಲ ಕೊಟ್ಟ ಬ್ಯಾಂಕುಗಳಿಂದಲೇ ಬರುತ್ತದೆ ಅನ್ನುವುದೂ ತಿಳಿದಿರಲಿ. ಅದರಿಂದ ಅವರ ಸಲಹೆ ಸುಳ್ಳಾಗುವುದಿಲ್ಲ, ಆದರೆ ಅವರಿಗೆ ಸಹಜವಾಗಿ ಹೊಳೆಯುವುದು 'ಪೂರ್ತಿ ತೀರಿಸಿ' ಅನ್ನುವ ದಾರಿ.

ಸಾಲ ತೀರಿಸಲು ಆಗುವುದೇ ಇಲ್ಲ ಅನ್ನುವವರಿಗೆ ಇನ್ನೊಂದು ಬಾಗಿಲು ಇದೆ, ಲೈಸೆನ್ಸ್ಡ್ ಇನ್ಸಾಲ್ವೆನ್ಸಿ ಟ್ರಸ್ಟಿ. ಕಾನೂನಿನ ಪ್ರಕಾರ ಸಾಲದ ಒಂದು ಭಾಗ ಮಾತ್ರ ಕಟ್ಟುವ ಒಪ್ಪಂದ ಮಾಡಿಸಲು ಇವರಿಗೆ ಅಧಿಕಾರ ಇದೆ. ಮೊದಲ ಭೇಟಿ ಸಾಮಾನ್ಯವಾಗಿ ಉಚಿತ. ನಿಮ್ಮದು ಅಲ್ಲಿಗೆ ಹೋಗುವ ಸಾಲ ಅಲ್ಲ. ಸಿಸಿಬಿ ಬಾಕಿ ಬರುವವರೆಗೆ ಮಿನಿಮಮ್ ತಪ್ಪಿಸಬೇಡಿ, ಕಾರ್ಡ್ ಬಳಸುವುದು ನಿಲ್ಲಿಸಿ, ದುಡ್ಡು ಬಂದ ದಿನವೇ ಬಡ್ಡಿ ಜಾಸ್ತಿ ಇರುವ ಕಾರ್ಡಿಗೆ ಹಾಕಿ. ಟಿವಿಗೆ ಅಲ್ಲ, ಊರಿಗೆ ಹೋಗುವ ಟಿಕೆಟ್ಟಿಗೂ ಅಲ್ಲ.

ನಿಮ್ಮ ಸಾಲದಲ್ಲಿ ಶೇ. 80 ಮನ್ನಾ ಮಾಡಿಸ್ತೀವಿ ಅಂತ ಫೇಸ್‌ಬುಕ್ಕಿನಲ್ಲಿ ಬರುವವರು ಬೇರೆ. ಅವರಲ್ಲಿ ಬಹಳ ಜನ ಮುಂಗಡ ಫೀಸ್ ತಗೊಂಡು ಕೊನೆಗೆ ಇದೇ ಟ್ರಸ್ಟಿ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಟ್ರಸ್ಟಿಯನ್ನು ನೀವೇ ನೇರ ನೋಡಬಹುದು, ಮಧ್ಯೆ ಯಾರೂ ಬೇಡ. ಇನ್ನು ಸಂಬಳಕ್ಕೆ ಮುಂಚೆ ದುಡ್ಡು ಕೊಡುವ ಪೇಡೇ ಲೋನ್ ಅಂಗಡಿಗಳು. 100 ಡಾಲರಿಗೆ 14 ಡಾಲರ್ ಮಾತ್ರ ಅನ್ನುತ್ತಾರೆ, ಕಾನೂನಿನ ಮಿತಿಯೂ ಅಷ್ಟೇ. ಎರಡು ವಾರಕ್ಕೆ 14 ಅಂದರೆ ವರ್ಷಕ್ಕೆ ಶೇ. 364. ನಮ್ಮೂರ ಮೀಟರ್ ಬಡ್ಡಿಯವರೂ ನಾಚಬೇಕು.

ಪಿಆರ್‌ಗೆ ತೊಂದರೆ ಆಗುತ್ತಾ?

ಇದನ್ನು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ ಅಂತ ನನಗೆ ಗೊತ್ತು. ಸಿಸಿಬಿ, ಜಿಎಸ್‌ಟಿ ಕ್ರೆಡಿಟ್, ಟ್ರಿಲಿಯಮ್ ಇವೆಲ್ಲ ತೆರಿಗೆ ವ್ಯವಸ್ಥೆಯ ಭಾಗ. ತಗೊಂಡರೆ ಪಿಆರ್‌ಗೂ ತೊಂದರೆಯಿಲ್ಲ, ಮುಂದೆ ಪೌರತ್ವಕ್ಕೂ ತೊಂದರೆಯಿಲ್ಲ. ಪೌರತ್ವ ಕೇಳುವಾಗ ರಿಟರ್ನ್ ಹಾಕಿದ್ದೀರಾ ಅಂತಲೇ ನೋಡುತ್ತಾರೆ. ಒಂಟಾರಿಯೋ ವರ್ಕ್ಸ್ ಅನ್ನುವ, ದುಡ್ಡಿಗೆ ತೀರ ಕಷ್ಟದಲ್ಲಿರುವವರ ಸಹಾಯಧನ ಬೇರೆ ಲೆಕ್ಕ. ಅಂಗವಿಕಲತೆಯ ಕಾರಣವಿಲ್ಲದೆ ಅಂಥ ಸಹಾಯಧನ ಪಡೆಯುತ್ತಿರುವಾಗ ಅಪ್ಪ ಅಮ್ಮನನ್ನೋ ಸಂಗಾತಿಯನ್ನೋ ಸ್ಪಾನ್ಸರ್ ಮಾಡಲು ಬರುವುದಿಲ್ಲ. ಮನೆಯಲ್ಲಿ ಅನ್ನಕ್ಕೇ ತೊಂದರೆ ಅಂದರೆ ಅದನ್ನೂ ತಗೊಳ್ಳಿ, ಸ್ಪಾನ್ಸರ್ ಆಮೇಲೆ ಮಾಡಿದರಾಯಿತು.

ನಾಲ್ಕು ಜನಕ್ಕೆ ಗೊತ್ತಾಗುತ್ತದಲ್ಲ ಅನ್ನುವ ಅಂಜಿಕೆಯೂ ಇರುತ್ತದೆ. ಕಚೇರಿಗಳಲ್ಲಿ ಹೇಳಿದ್ದು ಗುಟ್ಟಾಗಿ ಇರುತ್ತದೆ. ನಮ್ಮ ಕನ್ನಡ ಸಂಘಗಳ ವಾಟ್ಸಾಪ್ ಗುಂಪಿನಲ್ಲಿ ಹಾಗಲ್ಲ. ಯಾವ ಟ್ಯಾಕ್ಸ್ ಕ್ಲಿನಿಕ್ ಎಲ್ಲಿದೆ, ಯಾರ ಹತ್ತಿರ ಮಗುವಿನ ಹಳೆಯ ಸ್ನೋ ಬೂಟು ಇದೆ ಅಂತ ಕೇಳುವುದಕ್ಕೆ ಆ ಗುಂಪು ಬಹಳ ಒಳ್ಳೆಯದು. ಕಾರ್ಡಿನ ಸಾಲ ಎಷ್ಟಿದೆ ಅಂತ ಅಲ್ಲಿ ಬರೆಯಬೇಡಿ.

ಸಿಆರ್‌ಎ ಹೆಸರಿನಲ್ಲಿ ಫೋನ್ ಮಾಡಿ, ಈಗಲೇ ಕಟ್ಟದಿದ್ದರೆ ಪೊಲೀಸರು ಬರುತ್ತಾರೆ, ಗಿಫ್ಟ್ ಕಾರ್ಡ್ ತಂದು ನಂಬರ್ ಹೇಳಿ ಅಂದರೆ ಅದು ಮೋಸ. ಫೋನ್ ಇಟ್ಟುಬಿಡಿ.

ಮಗಳ ಓದಿಗೆ ಅಂತ ಸರ್ಕಾರ ಕೊಡುವ ಕೆನಡಾ ಲರ್ನಿಂಗ್ ಬಾಂಡ್ ಒಂದಿದೆ. ಕಡಿಮೆ ಆದಾಯದ ಮನೆಯ ಮಗುವಿಗೆ ಅರ್ಹವಾದ ಮೊದಲ ವರ್ಷ 500 ಡಾಲರ್, ಆಮೇಲೆ ಅರ್ಹತೆ ಇರುವ ಪ್ರತಿ ವರ್ಷ 100, ಒಟ್ಟು 2,000ದವರೆಗೆ. ನೀವು ಒಂದು ಡಾಲರೂ ಹಾಕಬೇಕಾಗಿಲ್ಲ. ಮಗಳಿಗೆ ಸಿನ್ ನಂಬರ್ ಮಾಡಿಸಿ, ಬ್ಯಾಂಕಿನಲ್ಲಿ ಮಕ್ಕಳ ಓದಿಗೆ ಅಂತ ಉಳಿಸುವ ಆರ್‌ಇಎಸ್‌ಪಿ ಖಾತೆ ತೆಗೆದು, ಬಾಂಡ್ ಕೇಳಬೇಕು. ಇದನ್ನೇ ನೆಪ ಮಾಡಿ ತಿಂಗಳ ಕಂತಿನ ಸ್ಕಾಲರ್‌ಶಿಪ್ ಪ್ಲಾನ್ ಮಾರುವವರು ಬರುತ್ತಾರೆ. ಕಂತು ತಪ್ಪಿದರೆ ಕಟ್ಟಿದ ಶುಲ್ಕ ಹೋಯಿತು ಅಂತಲೇ ಲೆಕ್ಕ. ಮಾಮೂಲಿ ಬ್ಯಾಂಕಿನ ಖಾತೆ ಸಾಕು.

ಸ್ಟೂಡೆಂಟ್ ವೀಸಾ, ವರ್ಕ್ ಪರ್ಮಿಟ್‌ನಲ್ಲಿ ಇರುವವರಿಗೆ ನಿಯಮ ಸ್ವಲ್ಪ ಬೇರೆ. ಫೆಡರಲ್ ದುಡ್ಡಿನ ಸೆಟಲ್‌ಮೆಂಟ್ ಸೇವೆಗಳು ಅವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಪ್ರಾಂತ್ಯದ ದುಡ್ಡಿನಲ್ಲಿ ನಡೆಯುವ ಕೆಲವು ಸಿಗುತ್ತವೆ, ಕೇಳಿ ನೋಡಬೇಕು. ಟ್ಯಾಕ್ಸ್ ಕ್ಲಿನಿಕ್, 211, ಕ್ರೆಡಿಟ್ ಕೌನ್ಸೆಲಿಂಗ್, ಲೈಬ್ರರಿ ಇವಕ್ಕೆ ಪಿಆರ್ ಬೇಕಿಲ್ಲ. ಮಗು ಇದ್ದರೆ ಸಿಸಿಬಿ ಕೂಡ ಸಿಗುತ್ತದೆ. ಆದರೆ 18 ತಿಂಗಳು ಇಲ್ಲೇ ಇದ್ದು, ಹತ್ತೊಂಬತ್ತನೇ ತಿಂಗಳಲ್ಲೂ ಪರ್ಮಿಟ್ ಚಾಲ್ತಿಯಲ್ಲಿರಬೇಕು. ಕಾಲೇಜಿನಲ್ಲಿ ಓದುವವರು ಕಾಲೇಜಿನ ಫೈನಾನ್ಷಿಯಲ್ ಏಡ್ ಕಚೇರಿಯಲ್ಲಿ ತುರ್ತು ನೆರವಿನ ನಿಧಿ ಇದೆಯಾ ಅಂತ ವಿಚಾರಿಸಿ. ವಿದೇಶಿ ವಿದ್ಯಾರ್ಥಿಗಳಿಗೆ ಇಲ್ಲ ಅಂತ ತಾವೇ ಅಂದುಕೊಂಡು ಕೇಳದೇ ಇರುವವರು ಹೆಚ್ಚು.

ಬೇರೆ ದೇಶದಲ್ಲಿರುವವರಿಗೆ ಚುಟುಕಾಗಿ: ಅಮೆರಿಕದಲ್ಲಿ ಉಚಿತ ರಿಟರ್ನಿಗೆ ವೀಟಾ ಕೇಂದ್ರಗಳು, ದಾರಿ ಕೇಳುವುದಕ್ಕೆ ಅಲ್ಲೂ 211. ಬ್ರಿಟನ್ನಿನಲ್ಲಿ ಸಿಟಿಜನ್ಸ್ ಅಡ್ವೈಸ್, ಮನಿಹೆಲ್ಪರ್, ಸಾಲಕ್ಕೆ ಸ್ಟೆಪ್‌ಚೇಂಜ್. ಅಲ್ಲಿ ಮಾತ್ರ ವೀಸಾ ಮೇಲೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ಭತ್ಯೆ ತಗೊಳ್ಳುವ ಹಾಗಿಲ್ಲ) ಅಂತ ಬರೆದಿದ್ದರೆ ಭತ್ಯೆ ಕೇಳುವ ಮುಂಚೆ ಸಲಹೆ ತಗೊಳ್ಳಿ. ಸಲಹೆ ಕೇಳುವುದಕ್ಕೆ ಅಡ್ಡಿಯಿಲ್ಲ. ಆಸ್ಟ್ರೇಲಿಯಾದಲ್ಲಿ ನ್ಯಾಷನಲ್ ಡೆಟ್ ಹೆಲ್ಪ್‌ಲೈನ್.

ನಿಮ್ಮ ವಿಷಯಕ್ಕೆ ಬಂದರೆ, ಈ ವಾರ 211ಕ್ಕೆ ಒಂದು ಫೋನ್ ಮಾಡಿ ಹತ್ತಿರದ ಟ್ಯಾಕ್ಸ್ ಕ್ಲಿನಿಕ್ ಕೇಳಿ. ಅಷ್ಟರಲ್ಲಿ ಯಜಮಾನರ ಕೈಲಿ ಊರಿನ ಫಾರ್ಮ್ 16 ಹುಡುಕಿಸಿ ಇಡಿ, ನಿಮ್ಮದೂ ಇದ್ದರೆ ಅದೂ. ಪಾಲಿಸಿಗೆ ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ ಕಾಗದದಲ್ಲಿ ರದ್ದು ಮಾಡುವ ಅವಧಿ ಎಷ್ಟು ದಿನ ಅಂತ ನೋಡಿ. ಜೀವವಿಮೆಯಲ್ಲಿ ಪಾಲಿಸಿ ಕೈಗೆ ಬಂದ ಮೇಲೆ ವಾಪಸ್ ಮಾಡುವುದಕ್ಕೆ ಕೆಲವು ದಿನ ಅವಕಾಶ ಇರುತ್ತದೆ. ರದ್ದು ಮಾಡುವುದಾದರೆ ಮನೆಗೆ ಬಂದವರ ಹತ್ತಿರ ಬಾಯಲ್ಲಿ ಹೇಳಿ ಬಿಡಬೇಡಿ, ಕಂಪನಿಗೇ ಬರವಣಿಗೆಯಲ್ಲಿ ಕಳಿಸಿ ಪ್ರತಿ ಇಟ್ಟುಕೊಳ್ಳಿ.